ಓದುಗರ ಪ್ರಶ್ನೆ, ನಮ್ಮ ಉತ್ತರ: ಕೆಸರಲ್ಲಿ ಬರೆದ ಕಾಡು, ನೀರಲ್ಲಿ ಮುಳುಗಿದ ಊರು

ಅಮೆರಿಕದ ಚಿತ್ರಕಾರ ಅಲೆಕ್ಸಿಸ್ ರಾಕ್‌ಮನ್ ಅವರ ‘ಮ್ಯಾನಿಫೆಸ್ಟ್ ಡೆಸ್ಟಿನಿ’ ಚಿತ್ರವನ್ನು ಕಳೆದ ಸಂಚಿಕೆಯ ನಡುಪುಟದಲ್ಲಿ ಅಚ್ಚು ಹಾಕಿದ್ದೆವು. ಮುಳುಗಿದ ಬ್ರೂಕ್ಲಿನ್, ಮುರಿದುಬಿದ್ದ ಸೇತುವೆ, ಕಿತ್ತಳೆ ಬಣ್ಣದ ಆಕಾಶ. ಬಂದ ಪತ್ರಗಳಲ್ಲಿ ಅರ್ಧದಷ್ಟು ‘ಇದರ ಅರ್ಥವೇನು’ ಎಂದು ಕೇಳಿದರೆ, ಉಳಿದರ್ಧ ‘ಇಂಥದ್ದನ್ನು ಮಾಡುವುದು ಹೇಗೆ’ ಎಂದು ಕೇಳಿವೆ. ಎರಡನೆಯ ಬಗೆಯವಕ್ಕೆ ಈ ಸಲ ಹೆಚ್ಚು ಜಾಗ ಕೊಟ್ಟಿದ್ದೇವೆ.

ಚಿತ್ರದಲ್ಲಿರುವುದು ಇನ್ನು ಮೂರು ಸಾವಿರ ವರ್ಷದ ನಂತರದ ನಗರವಂತೆ. ಇದು ಕಲಾವಿದರ ಕನಸೋ, ಲೆಕ್ಕವೋ?
— ಪದವಿ ವಿದ್ಯಾರ್ಥಿ, ಧಾರವಾಡ

ಲೆಕ್ಕದ ಮೇಲೆ ಕಟ್ಟಿದ ಕಲ್ಪನೆ. ರಾಕ್‌ಮನ್ 1962ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದವರು. ಅಲ್ಲಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ಗಾಜಿನ ಕೋಣೆಗಳನ್ನು ಚಿಕ್ಕಂದಿನಿಂದ ನೋಡುತ್ತ ಬೆಳೆದರು. ಮುಂದೆ ಅಚ್ಚಿನ ಮೇಲೆ ಚರ್ಮ ಹೊದಿಸಿ ನಿಲ್ಲಿಸಿದ ಪ್ರಾಣಿ, ಹಿಂದೆ ಬಾಗಿದ ಗೋಡೆಯ ಮೇಲೆ ಬರೆದ ಬೆಟ್ಟ ಮತ್ತು ಆಕಾಶ. ‘ಡಯೊರಾಮಾ’ ಎನ್ನುವ ಆ ಪ್ರದರ್ಶನದ ರೀತಿ ಅವರ ಕೈಯನ್ನು ಬಿಟ್ಟಿಲ್ಲ. ಅವರ ದೊಡ್ಡ ಚಿತ್ರಗಳನ್ನೆಲ್ಲ ಗಾಜು ಹಾಕದ ಡಯೊರಾಮಾ ಎಂದರೂ ನಡೆದೀತು.

‘ಮ್ಯಾನಿಫೆಸ್ಟ್ ಡೆಸ್ಟಿನಿ’ 8 ಅಡಿ ಎತ್ತರ, 24 ಅಡಿ ಉದ್ದ. ಮರದ ಹಲಗೆಯ ಮೇಲೆ ಎಣ್ಣೆಬಣ್ಣ ಮತ್ತು ಆಕ್ರಿಲಿಕ್. ಬ್ರೂಕ್ಲಿನ್ ಮ್ಯೂಸಿಯಂ ಹೇಳಿ ಬರೆಸಿದ್ದು, 2004ರಲ್ಲಿ ಮುಗಿಯಿತು. ಈಗ ಅದು ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂನಲ್ಲಿದೆ. ನೀರು ಎಷ್ಟು ಏರಬಹುದು ಎಂಬುದನ್ನು ನಾಸಾದ ಜೇಮ್ಸ್ ಹ್ಯಾನ್ಸನ್ ಅವರಂಥ ಹವಾಮಾನ ವಿಜ್ಞಾನಿಗಳ ಹತ್ತಿರ ಕೇಳಿದರು. ಕಟ್ಟಡ ಹೇಗೆ ಕುಸಿಯುತ್ತದೆ, ಯಾವ ಭಾಗ ಮೊದಲು ಹೋಗುತ್ತದೆ ಎಂಬುದನ್ನು ವಾಸ್ತುಶಿಲ್ಪಿಗಳ ಹತ್ತಿರ ಕೇಳಿದರು. ಗ್ರೀನ್‌ಲ್ಯಾಂಡಿನ ಹಿಮವೊಂದೇ ಪೂರ್ತಿ ಕರಗಿದರೆ ಕಡಲು ಸುಮಾರು 7 ಮೀಟರ್ ಏರುತ್ತದೆ. ಇದು ಒಂದು ಪೀಳಿಗೆಯಲ್ಲಿ ಆಗುವ ಕೆಲಸವಲ್ಲ, ಹಲವು ಶತಮಾನಗಳದ್ದು. ಮೂರು ಸಾವಿರ ವರ್ಷ ಎಂಬ ದೂರದ ಅಳತೆ ಸುಮ್ಮನೆ ಬಂದದ್ದಲ್ಲ.

ಹೆಸರಿನ ಬಗ್ಗೆಯೂ ಒಂದು ಮಾತು. ಅಮೆರಿಕ ಪಶ್ಚಿಮದ ಕಡಲಿನವರೆಗೂ ಹಬ್ಬುವುದು ದೈವನಿಯಮ ಎಂದು ಹೇಳಲು 1845ರಲ್ಲಿ ಹುಟ್ಟಿದ ಘೋಷಣೆ ಅದು. ಅದೇ ಶತಮಾನದ ಚಿತ್ರಕಾರ ಥಾಮಸ್ ಕೋಲ್ 1833ರಿಂದ 1836ರವರೆಗೆ ಸಾಮ್ರಾಜ್ಯವೊಂದರ ಏಳು-ಬೀಳನ್ನು ಐದು ಚಿತ್ರಗಳಲ್ಲಿ ಬರೆದಿದ್ದರು. ಕೊನೆಯದರಲ್ಲಿ ಮನುಷ್ಯರಿಲ್ಲ. ಒಂಟಿ ಕಂಬ, ಅದರ ತಲೆಯ ಮೇಲೆ ಹಕ್ಕಿಯ ಗೂಡು, ಅಷ್ಟೆ. ರಾಕ್‌ಮನ್ ಹಿಡಿದದ್ದು ಆ ಕೊನೆಯ ಚಿತ್ರದ ಎಳೆಯನ್ನು. ಕಿತ್ತಳೆ ಆಕಾಶವೂ ಆ ಕಾಲದ ಸೂರ್ಯಾಸ್ತಗಳಿಂದಲೇ ಎರವಲು ಬಂದದ್ದು, ವ್ಯಂಗ್ಯಕ್ಕಾಗಿ.

ಊರು ಮುಳುಗಿದೆ, ಪ್ರಾಣಿಗಳು ಮಾತ್ರ ಸುಖವಾಗಿವೆ. ಮನುಷ್ಯ ತೊಲಗಿದರೆ ಪ್ರಕೃತಿ ತಾನೇ ಸರಿಹೋಗುತ್ತದೆ ಎಂದು ಹೇಳುತ್ತಿದ್ದಾರೆಯೇ? ಹಾಗಿದ್ದರೆ ನಾವು ಏನನ್ನೂ ಮಾಡಬೇಕಿಲ್ಲವಲ್ಲ!
— ನಿವೃತ್ತ ಉಪನ್ಯಾಸಕರು, ಮೈಸೂರು

ಚಿತ್ರವನ್ನು ದೂರದಿಂದ ನೋಡಿದರೆ ಹಾಗನ್ನಿಸುವುದು ಸಹಜ. ಹತ್ತಿರ ಹೋಗಿ, ಯಾರ್‍ಯಾರು ಉಳಿದಿದ್ದಾರೆ ಎಂದು ಎಣಿಸಿ ನೋಡಿ. ಇರುವುದು ಬಿಸಿಗೆ ಒಗ್ಗುವ ಗಿಡ, ಬೇರೆ ಕಡೆಯಿಂದ ವಲಸೆ ಬಂದ ಜೀವ, ಎಷ್ಟೋ ಪಟ್ಟು ಹಿಗ್ಗಿಸಿ ಬರೆದ ವೈರಸ್. ಎಚ್‌ಐವಿ, ವೆಸ್ಟ್ ನೈಲ್, ಸಾರ್ಸ್ ಕೂಡ ಈ ‘ಬದುಕುಳಿದವರ’ ಸಾಲಿನಲ್ಲಿವೆ. ಮೊದಲು ಅಲ್ಲಿದ್ದವರೇ ಮರಳಿ ಬಂದಿಲ್ಲ, ಖಾಲಿಯಾದ ಮನೆಗೆ ಬೇರೆ ಒಕ್ಕಲು ಬಂದಿದೆ.

ಪರಿಸರ ವಿಜ್ಞಾನದಲ್ಲಿ ತಾಳಿಕೆ ಎಂದರೂ ಇಷ್ಟೇ: ಪೆಟ್ಟು ತಿಂದ ವ್ಯವಸ್ಥೆ ಮತ್ತೆ ಅದೇ ಬಗೆಯ ವ್ಯವಸ್ಥೆಯಾಗಿ ನಿಲ್ಲಬಲ್ಲದೇ ಎಂಬುದು. ಪೆಟ್ಟು ಒಂದು ಮಿತಿ ದಾಟಿದರೆ ಅದು ಬೇರೆಯೇ ಆಗಿ ನಿಲ್ಲುತ್ತದೆ. ಆ ಹೊಸ ಸ್ಥಿತಿಯೂ ಗಟ್ಟಿಯಾಗಿರಬಹುದು, ಹಸಿರಾಗಿಯೂ ಇರಬಹುದು. ಪಾರ್ಥೇನಿಯಂ ತುಂಬಿದ ಹೊಲವೂ ಹಸಿರೇ ತಾನೆ? ಹಸಿರನ್ನೆಲ್ಲ ಚೇತರಿಕೆ ಎಂದು ಲೆಕ್ಕಕ್ಕೆ ಹಿಡಿಯಬೇಡಿ ಎನ್ನುತ್ತದೆ ಆ ಚಿತ್ರ.

ಅವರ ‘ಗ್ರೇಟ್ ಲೇಕ್ಸ್’ ಮಾಲೆಯ ಬಗ್ಗೆ ಓದಿದೆ. ಒಂದು ಚಿತ್ರದಲ್ಲಿ ಹತ್ತಾರು ಮೀನು, ಹಡಗು, ಹಿಮ ಎಲ್ಲ ಕಲಸಿದಂತಿದೆ. ಎಲ್ಲಿಂದ ನೋಡಲು ಶುರುಮಾಡಬೇಕು?
— ಓದುಗರು, ಕಾರವಾರ

ಎಡದಿಂದ. ಅವರ ಅಡ್ಡಚಿತ್ರಗಳನ್ನು ಸಾಮಾನ್ಯವಾಗಿ ಎಡದಿಂದ ಬಲಕ್ಕೆ ಕಾಲದಂತೆ ಓದಬಹುದು, ಮೇಲಿನಿಂದ ಕೆಳಕ್ಕೆ ಆಳದಂತೆ.

ಅಮೆರಿಕ ಮತ್ತು ಕೆನಡಾ ನಡುವಿನ ಐದು ಮಹಾಸರೋವರಗಳಲ್ಲಿ ಭೂಮಿಯ ಮೇಲ್ಮೈಯ ಸಿಹಿನೀರಿನ ಸುಮಾರು ಐದನೇ ಒಂದು ಪಾಲು ಇದೆ. ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ಆರ್ಟ್ ಮ್ಯೂಸಿಯಂಗಾಗಿ ರಾಕ್‌ಮನ್ 2013ರಿಂದ ಆ ದಡಗಳನ್ನೆಲ್ಲ ಸುತ್ತಿ, ವಿಜ್ಞಾನಿಗಳ ಜೊತೆ ಮಾತಾಡಿ, ತಲಾ 6 ಅಡಿ ಎತ್ತರ, 12 ಅಡಿ ಉದ್ದದ ಐದು ಚಿತ್ರ ಬರೆದರು. ಜೊತೆಗೆ ದೊಡ್ಡ ಜಲವರ್ಣಗಳು, ದಡದ ಮಣ್ಣು ಮರಳಿನಲ್ಲೇ ಬರೆದ ಸಣ್ಣ ಚಿತ್ರಗಳು. ಪ್ರದರ್ಶನ ತೆರೆದದ್ದು 2018ರ ಜನವರಿಯಲ್ಲಿ.

ನೀವು ನೋಡಿರುವುದು ‘ಪಯನಿಯರ್ಸ್’ ಇರಬೇಕು. ಎಡತುದಿಯಲ್ಲಿ ಹಿಮಯುಗ, ಬಲತುದಿಯಲ್ಲಿ ಹೊಟ್ಟೆಯ ನೀರನ್ನು ಕಕ್ಕುತ್ತಿರುವ ಹಡಗು. ನಡುವೆ, ಆ ಸರೋವರಗಳಿಗೆ ಒಂದೊಂದು ಕಾಲದಲ್ಲಿ ಬಂದು ಸೇರಿದ ಜಲಚರಗಳ ಮೆರವಣಿಗೆ. ಹಡಗಿನ ಭಾಗವನ್ನು ಕೊಂಚ ಬಿಡಿಸಿ ಹೇಳಬೇಕು, ಚಿತ್ರದ ಕೀಲಿ ಇರುವುದೇ ಅಲ್ಲಿ.

ಸರಕಿಲ್ಲದ ಹಡಗು ತೂಕ ಸಾಲದೆ ತೊನೆಯುತ್ತದೆ. ಅದಕ್ಕೆ ಹೊರಟ ಬಂದರಿನಲ್ಲಿ ತೊಟ್ಟಿಗಳಿಗೆ ನೀರು ತುಂಬಿಕೊಂಡು, ಸರಕು ಹೇರುವ ಬಂದರಿನಲ್ಲಿ ಅದನ್ನು ಹೊರಚೆಲ್ಲುತ್ತದೆ. ಇದೇ ಬ್ಯಾಲಸ್ಟ್ ನೀರು. ನೀರಿನ ಜೊತೆ ಮರಿ, ಮೊಟ್ಟೆ, ಪಾಚಿ ಎಲ್ಲವೂ ಟಿಕೆಟ್ಟಿಲ್ಲದೆ ಪ್ರಯಾಣ ಮಾಡುತ್ತವೆ. 1959ರಲ್ಲಿ ಸೇಂಟ್ ಲಾರೆನ್ಸ್ ಜಲಮಾರ್ಗ ತೆರೆದ ಮೇಲೆ ಕಡಲಿನ ದೊಡ್ಡ ಹಡಗುಗಳು ನೇರ ಒಳಗೆ ಬಂದವು. 1988ರಲ್ಲಿ ಕಪ್ಪುಸಮುದ್ರ–ಕ್ಯಾಸ್ಪಿಯನ್ ಕಡೆಯ ಜೀಬ್ರಾ ಚಿಪ್ಪು ಮಹಾಸರೋವರಗಳ ನಡುವಿನ ಸೇಂಟ್ ಕ್ಲೇರ್ ಎಂಬ ಸಣ್ಣ ಸರೋವರದಲ್ಲಿ ಕಾಣಿಸಿಕೊಂಡಿತು. ಉಗುರಿನಷ್ಟು ದೊಡ್ಡದು, ಆದರೆ ಒಂದೊಂದೂ ದಿನಕ್ಕೆ ಲೀಟರಿನಷ್ಟು ನೀರನ್ನು ಸೋಸಿ ಅದರಲ್ಲಿರುವ ತೇಲುಪಾಚಿಯನ್ನು ತಿಂದುಬಿಡುತ್ತದೆ.

ನೀರು ತಿಳಿಯಾಯಿತು. ಜನ ಖುಷಿಪಟ್ಟರು. ಆದರೆ ತೇಲುಪಾಚಿ ಹೋದರೆ ಅದನ್ನು ತಿನ್ನುವ ಸಣ್ಣ ಜೀವ ಹೋಯಿತು, ಅದನ್ನು ನಂಬಿದ ಮೀನು ಬಡವಾಯಿತು. ಬೆಳಕು ತಳದವರೆಗೆ ಇಳಿದು ಅಲ್ಲಿ ನಾರುಪಾಚಿ ಬೆಳೆಯಿತು, ಕೊಳೆಯಿತು, ಆ ಕೊಳೆತದ್ದರಲ್ಲಿ ಬಾಟುಲಿಸಂ ವಿಷ ಹುಟ್ಟಿ ಮೀನು ತಿನ್ನುವ ಹಕ್ಕಿಗಳನ್ನು ಕೊಂದಿತು. ತಿಳಿನೀರು ಎಂದರೆ ಆರೋಗ್ಯ ಎಂಬ ನಮ್ಮ ಹಳೆಯ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಪೆಟ್ಟು ಬೇರೆ ಇಲ್ಲ. ಆ ಮಾಲೆಯಲ್ಲಿ ಎಷ್ಟೋ ಕಡೆ ನೀರು ಅಷ್ಟು ಪಾರದರ್ಶಕವಾಗಿ, ಚಂದವಾಗಿ ಇರುವುದನ್ನು ಈ ಕಣ್ಣಿನಿಂದ ಮತ್ತೊಮ್ಮೆ ನೋಡಿ.

ಬಂದರಿನ ಊರಿನವರಾದ ನಿಮಗೆ ಇದು ದೂರದ ಸುದ್ದಿ ಅನ್ನಿಸಬೇಕಿಲ್ಲ. ದಕ್ಷಿಣ ಅಮೆರಿಕ ಕಡೆಯ ಮೈಟೆಲ್ಲಾ ಎಂಬ ಚಿಪ್ಪು ಈಗ ಕೇರಳದ ಹಿನ್ನೀರಿನಲ್ಲಿ ನೆಲೆಯೂರಿದೆ.

ಆ ಮಾಲೆಯಲ್ಲಿ ಬರೀ ನಾಶವೇ ಇದೆಯೇ? ಚೇತರಿಕೆಯ ಉದಾಹರಣೆ ಇಲ್ಲವೇ?
— ಓದುಗರು, ಪುತ್ತೂರು

ಚಿತ್ರಗಳಲ್ಲಿ ಕಡಿಮೆ, ಸರೋವರಗಳಲ್ಲಿ ಇದೆ. ಲ್ಯಾಂಪ್ರೆ ಎಂಬ ದವಡೆಯಿಲ್ಲದ, ಹಾವಿನಾಕಾರದ ಮೀನು ಬೇರೆ ಮೀನಿನ ಮೈಗೆ ಅಂಟಿ ರಕ್ತ ಹೀರುತ್ತದೆ. ನಯಾಗರ ಜಲಪಾತ ಅದಕ್ಕೆ ಅಡ್ಡವಾಗಿತ್ತು. ಜಲಪಾತವನ್ನು ಬಳಸಿ ಹೋಗುವ ವೆಲ್ಲಂಡ್ ಕಾಲುವೆಯಿಂದ ಅಡ್ಡ ತಪ್ಪಿತು. 1921ರಲ್ಲಿ ಈರಿ ಸರೋವರದಲ್ಲಿ ಸಿಕ್ಕಿತು, ಮುಂದೆ ಲೇಕ್ ಟ್ರೌಟ್ ಮೀನನ್ನು ಬಹುತೇಕ ಮುಗಿಸಿತು. 1958ರಿಂದ ಅದರ ಮರಿಗಳಿರುವ ತೊರೆಗಳಿಗೆ ಟಿಎಫ್‌ಎಂ ಎಂಬ ರಾಸಾಯನಿಕ ಹಾಕುತ್ತ, ತಡೆಗಟ್ಟೆ ಕಟ್ಟುತ್ತ ಬಂದು ಅದರ ಸಂಖ್ಯೆಯನ್ನು ಸುಮಾರು ಶೇ 90ರಷ್ಟು ಇಳಿಸಿದ್ದಾರೆ. ಸುಪೀರಿಯರ್ ಸರೋವರದಲ್ಲಿ ಟ್ರೌಟ್ ಮರಳಿ ಬಂದಿದೆ. ಆದರೆ ಈ ಕೆಲಸ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಲ್ಯಾಂಪ್ರೆಯೂ ಚೇತರಿಸಿಕೊಳ್ಳುತ್ತದೆ.

ಈರಿ ಸರೋವರದ ಕತೆ ಇನ್ನೂ ಕಹಿ. 1972ರ ಅಮೆರಿಕ–ಕೆನಡಾ ಒಪ್ಪಂದದ ನಂತರ, ಪಾಚಿಗೆ ಗೊಬ್ಬರವಾಗುವ ರಂಜಕದ (ಫಾಸ್ಫರಸ್) ಹರಿವು ತಗ್ಗಿ ಸರೋವರ ಸುಧಾರಿಸಿತು. ಹೊಲಗಳಿಂದ ಗೊಬ್ಬರದ ನೀರು ಬರುವುದು ಮಾತ್ರ ನಿಲ್ಲಲಿಲ್ಲ. 2014ರ ಆಗಸ್ಟ್‌ನಲ್ಲಿ ನೀಲಿಹಸಿರು ಪಾಚಿಯ ವಿಷ ಸೇರಿ ಟೊಲೀಡೊ ನಗರದ ಸುಮಾರು 5 ಲಕ್ಷ ಜನ ನಲ್ಲಿನೀರು ಕುಡಿಯದಂತಾಯಿತು. ಆ ಮಾಲೆಯ ‘ವಾಟರ್‌ಶೆಡ್’ ಚಿತ್ರ ಹೊಲ ಮತ್ತು ನಗರದಿಂದ ಸರೋವರಕ್ಕೆ ಇಳಿಯುವ ಇಂಥ ನೀರಿನ ಬಗ್ಗೆಯೇ.

ಮಣ್ಣಿನಲ್ಲಿ ಬರೆಯುತ್ತಾರೆ ಎಂದಿದ್ದೀರಿ. ಮಣ್ಣು ಕಾಗದದ ಮೇಲೆ ನಿಲ್ಲುತ್ತದೆಯೇ? ಮಕ್ಕಳಿಂದ ಮಾಡಿಸಬೇಕೆಂದಿದ್ದೇನೆ, ಅಳತೆ ಸಮೇತ ತಿಳಿಸಿ.
— ಚಿತ್ರಕಲಾ ಶಿಕ್ಷಕಿ, ಶಿರಸಿ

ನಿಲ್ಲುತ್ತದೆ, ಅಂಟು ಸರಿಯಿದ್ದರೆ. ರಾಕ್‌ಮನ್ 1994ರಲ್ಲಿ ಕಲಾವಿದ ಮಾರ್ಕ್ ಡಯನ್ ಜೊತೆ ದಕ್ಷಿಣ ಅಮೆರಿಕದ ಗಯಾನಾ ಕಾಡಿಗೆ ಹೋದಾಗಿನಿಂದ ಈ ರೀತಿ ನಡೆದುಬಂದಿದೆ. ಕಂಡ ಪ್ರಾಣಿಯನ್ನು ಅದು ಓಡಾಡಿದ ಜಾಗದ ಮಣ್ಣಿನಲ್ಲೇ, ಆಕ್ರಿಲಿಕ್ ಅಂಟು ಬೆರೆಸಿ ಬರೆಯುವುದು. ಲಾಸ್ ಏಂಜಲೀಸ್‌ನ ಲಾ ಬ್ರೇಯ ಡಾಂಬರು ಹೊಂಡದ ಪ್ರಾಣಿಗಳಿಗೆ ಅಲ್ಲಿನ ಡಾಂಬರು. 1936ರಲ್ಲಿ ಕೊನೆಯದು ಸತ್ತುಹೋದ ಟ್ಯಾಸ್ಮೇನಿಯಾದ ಥೈಲಸೀನ್‌ಗೆ ಆ ದ್ವೀಪದ್ದೇ ಮಣ್ಣು. ನಮ್ಮ ಮಟ್ಟಿಗೆ 24 ಅಡಿಯ ಹಲಗೆಗಳಿಗಿಂತ ಈ ಒಂದೇ ಬಣ್ಣದ ಸಣ್ಣ ಹಾಳೆಗಳು ಹೆಚ್ಚು ಹೊತ್ತು ನೋಡಿಸಿಕೊಳ್ಳುತ್ತವೆ.

ನಿಮ್ಮ ಕಡೆ ಇದು ಹೊಸದೇನಲ್ಲ. ದೀವರ ಹಸೆ ಚಿತ್ತಾರದಲ್ಲಿ ಗೋಡೆಗೆ ಕೆಮ್ಮಣ್ಣು, ಗೆರೆಗೆ ಅಕ್ಕಿಹಿಟ್ಟು, ಕುಂಚಕ್ಕೆ ಪುಂಡಿನಾರು. ಕರಾವಳಿಯ ಗುಡಿಗಳ ಕಾವಿ ಕಲೆಯಲ್ಲಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬೆರೆಸಿದ ಪದರ ಕೊಟ್ಟು, ಹಸಿಯಿರುವಾಗಲೇ ಕೆರೆದು ಬಿಳಿ ತೆಗೆಯುತ್ತಾರೆ. ಕಾಗದಕ್ಕೆ ಬಂದಾಗ ಅಂಟು ಮಾತ್ರ ಬದಲಾಗುತ್ತದೆ.

ಮೊದಲು ಮಣ್ಣು. ಮೇಲಿನ ಕಸ, ಬೇರು ಇರುವ ಪದರ ಬಿಟ್ಟು, ಒಂದು ಗೇಣು ಕೆಳಗಿನಿಂದ ಅರ್ಧ ಕೆ.ಜಿ. ತೆಗೆಯಿರಿ. ಕಾಡಿನ ಮೇಲ್ಮಣ್ಣು ಕಪ್ಪಗೆ ಚಂದ ಕಂಡರೂ ಅದು ಕೊಳೆತ ಎಲೆ, ಹಾಳೆಯ ಮೇಲೆ ಬೂಸು ಹಿಡಿಯುತ್ತದೆ. ಅಭಯಾರಣ್ಯದೊಳಗಿಂದ ಅನುಮತಿಯಿಲ್ಲದೆ ತೆಗೆಯುವಂತಿಲ್ಲ. ಕಾರ್ಖಾನೆ ನೀರು ಸೇರುವ ಕೆರೆಯ ಹೂಳನ್ನು ಮಕ್ಕಳ ಕೈಗೆ ಕೊಡಲೇಬೇಡಿ.

ನೆರಳಲ್ಲಿ ಎರಡು ಮೂರು ದಿನ ಒಣಗಿಸಿ, ಕುಟ್ಟಿ, ಹಿಟ್ಟಿನ ಜರಡಿ ಹಿಡಿಯಿರಿ. ಧೂಳು ಏಳುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಜರಡಿ ಹಿಡಿದದ್ದನ್ನು 5 ಲೀಟರ್ ನೀರಿಗೆ ಹಾಕಿ ಚೆನ್ನಾಗಿ ಕಲಕಿ, ಒಂದು ನಿಮಿಷ ಬಿಡಿ. ಮರಳು ತಳ ಕಾಣುತ್ತದೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ. ಇದನ್ನು ಮೂರು ಸಲ ಮಾಡಿದರೆ ಹಲ್ಲಿಗೆ ಸಿಕ್ಕದಷ್ಟು ನುಣುಪು ಬರುತ್ತದೆ. ಹಲ್ಲಿಗೆ ಎಂದದ್ದು ಮಾತಿಗೆ, ಬೆರಳಲ್ಲಿ ನೋಡಿದರೆ ಸಾಕು. ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ತಿಳಿನೀರು ಚೆಲ್ಲಿ, ಕೆಳಗಿನ ಗಸಿಯನ್ನು ತಟ್ಟೆಯಲ್ಲಿ ಒಣಗಿಸಿ ಡಬ್ಬಿಗೆ ಹಾಕಿ. ಡಬ್ಬಿಯ ಮೇಲೆ ಊರು, ಜಾಗ, ಆಳ, ತಾರೀಖು ಬರೆಯುವುದನ್ನು ಮರೆಯಬೇಡಿ. ಹೆಸರಿಲ್ಲದ ಮಣ್ಣಿನಲ್ಲಿ ಬರೆದರೆ ಅದು ಬರೀ ಕಂದು ಬಣ್ಣದ ಚಿತ್ರವಾಗುತ್ತದೆ.

ಅಂಟು ಎರಡು ಬಗೆ. ಜಲವರ್ಣದಂತೆ ತೆಳುವಾಗಿ ಬರೆಯಬೇಕಿದ್ದರೆ ಗಮ್ ಅರೇಬಿಕ್ ಎಂಬ ಮರದ ಅಂಟು: 50 ಗ್ರಾಂ ಪುಡಿಯನ್ನು 100 ಮಿ.ಲೀ. ಬಿಸಿನೀರಿನಲ್ಲಿ ರಾತ್ರಿ ನೆನೆಸಿ, ತೆಳುಬಟ್ಟೆಯಲ್ಲಿ ಸೋಸಿ, ಒಂದು ಚಮಚ ಜೇನುತುಪ್ಪ ಮತ್ತು ಮೂರು ಹನಿ ಲವಂಗದ ಎಣ್ಣೆ ಸೇರಿಸಿ. ಜೇನು ಇಲ್ಲದಿದ್ದರೆ ಬಣ್ಣ ಒಣಗಿ ಸಿಡಿಯುತ್ತದೆ, ಲವಂಗದ ಎಣ್ಣೆ ಇಲ್ಲದಿದ್ದರೆ ವಾರದಲ್ಲಿ ಅಂಟು ಹುಳಿ ವಾಸನೆ ಹೊಡೆಯುತ್ತದೆ. ಎರಡು ಚಮಚ ಮಣ್ಣಿಗೆ ಒಂದು ಚಮಚ ಈ ಅಂಟು, ಬೇಕಾದಷ್ಟು ನೀರು. ಗಾಜಿನ ತುಂಡಿನ ಮೇಲೆ ಹತ್ತು ನಿಮಿಷ ಅರೆಯಿರಿ. ದಪ್ಪವಾಗಿ, ಒದ್ದೆಯಾದರೂ ಬಿಡದಂತೆ ಬೇಕಿದ್ದರೆ ಆಕ್ರಿಲಿಕ್ ಮ್ಯಾಟ್ ಮೀಡಿಯಂ (ಬಣ್ಣವಿಲ್ಲದ, ಹೊಳಪಿಲ್ಲದ ಆಕ್ರಿಲಿಕ್ ಅಂಟು), ನೀರಲ್ಲಿ ಕಲಸಿದ ಮಣ್ಣಿನ ಸಮಪಾಲು. ಇದು ಒಣಗಿದರೆ ಮತ್ತೆ ಕರಗದು, ಕುಂಚವನ್ನು ನೀರಿನಲ್ಲೇ ಇಟ್ಟಿರಬೇಕು.

ಕಾಗದ 300 ಜಿಎಸ್‌ಎಂಗಿಂತ (ಚದರ ಮೀಟರಿಗೆ 300 ಗ್ರಾಂ ತೂಕ) ತೆಳ್ಳಗಿರಬಾರದು. ತೆಳು ಡ್ರಾಯಿಂಗ್ ಹಾಳೆ ಹಪ್ಪಳದಂತೆ ಸೊಟ್ಟಗಾಗುತ್ತದೆ, ಅದರ ಮೇಲಿನ ಮಣ್ಣು ಉದುರುತ್ತದೆ.

ಬರೆಯುವ ಮೊದಲು ಬೆರಳಗಲದ ಪಟ್ಟಿ ಎಳೆದು ಒಣಗಿಸಿ, ಬೆರಳಿಂದ ಉಜ್ಜಿ. ಬೆರಳಿಗೆ ಬಣ್ಣ ಹತ್ತಿದರೆ ಅಂಟು ಸಾಲದು. ಪಟ್ಟಿ ಮಿರುಗಿದರೆ, ಅಂಚು ಎದ್ದರೆ ಅಂಟು ಜಾಸ್ತಿ. ಈ ಒಂದು ಪರೀಕ್ಷೆ ಮಾಡಿಕೊಂಡರೆ ಮೇಲಿನ ಅಳತೆಗಳನ್ನು ಮರೆತರೂ ಪರವಾಗಿಲ್ಲ. ಒಂದೊಂದು ಊರಿನ ಮಣ್ಣು ಒಂದೊಂದು ಪ್ರಮಾಣದ ಅಂಟು ಕುಡಿಯುತ್ತದೆ.

ನಮ್ಮ ಎರೆಮಣ್ಣಲ್ಲಿ ಬರೆದದ್ದೆಲ್ಲ ಬಿರುಕು ಬಿಟ್ಟಿತು. ಕೆಂಪು ಮಣ್ಣು ಸರಿಯಾಗಿ ಕೂತಿತು. ಏನು ಕಾರಣ?
— ಓದುಗರು, ಗದಗ

ಬೇಸಗೆಯಲ್ಲಿ ನಿಮ್ಮ ಹೊಲ ಬಿರಿಯುವ ಕಾರಣವೇ. ಎರೆಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಕೆಂಪು ಮಣ್ಣಿನ ಜೇಡಿ ಬೇರೆ ಜಾತಿಯದು, ಅಷ್ಟು ಉಬ್ಬುವುದಿಲ್ಲ. ಅದರ ಕೆಂಪೋ ಕಬ್ಬಿಣದ ಆಕ್ಸೈಡಿನದು. ಎರೆಗೆ ಮೂರನೇ ಒಂದು ಪಾಲು ನುಣ್ಣಗೆ ಅರೆದ ಮರಳು ಅಥವಾ ಇದ್ದಿಲ ಪುಡಿ ಬೆರೆಸಿ, ತೀರ ತೆಳುವಾಗಿ ಎರಡು ಮೂರು ಸಲ ಬಳಿಯಿರಿ. ಪ್ರತಿ ಸಲವೂ ನೆರಳಲ್ಲಿ ಒಣಗಲಿ, ಫ್ಯಾನ್ ಹಾಕಬೇಡಿ. ಬಿರುಕೇ ಬೇಕೆನ್ನುವುದಾದರೆ ಹಲಗೆಯ ಮೇಲೆ ದಪ್ಪ ಬಳಿಯಿರಿ. ಬರಗಾಲದ ಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ಗೆರೆ ಯಾರ ಕೈಯಿಂದಲೂ ಬರದು.

ಕಡಲ ಮರಳಲ್ಲಿ ಬರೆದ ಚಿತ್ರದ ಮೇಲೆ ಬಿಳಿ ಪುಡಿ ಎದ್ದಿದೆ. ಅರಿಸಿನದ ಹಳದಿಯೂ ಮಾಸಿದೆ.
— ಓದುಗರು, ಕುಂದಾಪುರ

ಬಿಳಿಯದು ಉಪ್ಪು. ಮರಳನ್ನು ಸಿಹಿನೀರಲ್ಲಿ ನಾಲ್ಕೈದು ಸಲ ತೊಳೆಯಿರಿ, ಕೊನೆಯ ನೀರಿನ ಹನಿಯನ್ನು ಗಾಜಿನ ಮೇಲೆ ಒಣಗಿಸಿ ನೋಡಿ, ಕಲೆ ಉಳಿದರೆ ಇನ್ನೊಮ್ಮೆ ತೊಳೆಯಿರಿ. ಅರಿಸಿನ ಬೆಳಕಿಗೆ ನಿಲ್ಲುವುದಿಲ್ಲ, ಸುಣ್ಣ ತಾಗಿದರೆ ಕೆಂಪೂ ಆಗುತ್ತದೆ. ಗಿಡದ ಬಣ್ಣಗಳಲ್ಲಿ ಬಹುಪಾಲು ಹೀಗೇ. ಹಳದಿ ಬೇಕಿದ್ದರೆ ಹಳದಿ ಮಣ್ಣನ್ನೇ ಹುಡುಕಿ. ಅದನ್ನೇ ಕಬ್ಬಿಣದ ಬಾಣಲೆಯಲ್ಲಿ ಚೆನ್ನಾಗಿ ಹುರಿದರೆ ಅದರೊಳಗೆ ಸೇರಿಕೊಂಡಿರುವ ನೀರು ಹೋಗಿ ಕೆಂಪಾಗುತ್ತದೆ. ಒಂದೇ ಗುಂಡಿಯಿಂದ ಹಳದಿ, ಕಿತ್ತಳೆ, ಇಟ್ಟಿಗೆಗೆಂಪು ಮೂರೂ ಸಿಕ್ಕಂತಾಯಿತು.

ರಾಕ್‌ಮನ್ ಅವರಂತೆ ಮರದ ಹಲಗೆಯ ಮೇಲೆ ಆಕ್ರಿಲಿಕ್, ಎಣ್ಣೆಬಣ್ಣ ಎರಡನ್ನೂ ಬಳಸಬೇಕೆಂದಿದ್ದೇನೆ. 4 ಅಡಿ × 3 ಅಡಿ. ಹಿಂದೆ ಮಾಡಿದ್ದು ಮಳೆಗಾಲದಲ್ಲಿ ಬಾಗಿಹೋಯಿತು, ಒಂದು ಕಡೆ ಬಣ್ಣ ಸಿಪ್ಪೆಯಂತೆ ಎದ್ದಿತು.
— ಹವ್ಯಾಸಿ ಚಿತ್ರಕಾರರು, ಮಂಗಳೂರು

ಎರಡು ಬೇರೆ ತಪ್ಪುಗಳು. ಬಾಗಿದ್ದು, ಮುಂದೆ ಮಾತ್ರ ಬಳಿದು ಹಿಂದೆ ಹಾಗೇ ಬಿಟ್ಟದ್ದರಿಂದ. ಬರಿಯ ಮರ ತೇವ ಕುಡಿದು ಉಬ್ಬುತ್ತದೆ, ಬಣ್ಣದ ಕಡೆ ಉಬ್ಬುವುದಿಲ್ಲ, ಹಲಗೆ ಬಿಲ್ಲಾಗುತ್ತದೆ. 12 ಮಿ.ಮೀ. ಬಿಡಬ್ಲ್ಯುಪಿ (ಕುದಿನೀರನ್ನೂ ತಡೆಯುವ) ದರ್ಜೆಯ ಪ್ಲೈವುಡ್ ತನ್ನಿ. ಹಿಂಬದಿಗೆ 2 ಇಂಚು × 1 ಇಂಚಿನ ರೀಪರ್‌ನ ಚೌಕಟ್ಟು, ನಡುವೆ ಒಂದು ಅಡ್ಡಪಟ್ಟಿ. ಮುಂದೆ, ಹಿಂದೆ, ನಾಲ್ಕು ಅಂಚು, ಎಲ್ಲಕ್ಕೂ ಎರಡು ಕೈ ಆಕ್ರಿಲಿಕ್ ಮೀಡಿಯಂ. ಅಂಚಿಗೆ ಮೂರು, ನೀರು ಮೊದಲು ನುಗ್ಗುವುದು ಅಲ್ಲಿಂದ. ಈ ಪದರ ತಪ್ಪಿಸಿದರೆ ಮರದ ಕಂದು ರಸ ಬಿಳಿಯ ಮೇಲೆ ಹಳದಿ ಕಲೆಯಾಗಿ ಮೂಡುತ್ತದೆ.

ನಂತರ ಗೆಸ್ಸೊ, ಅಂದರೆ ಬಣ್ಣ ಹಿಡಿಯಲು ಬಳಿಯುವ ಬಿಳಿ ಅಡಿಪದರ, ನಾಲ್ಕು ಕೈ, ಒಂದು ಉದ್ದಕ್ಕೆ ಬಳಿದರೆ ಮುಂದಿನದು ಅಡ್ಡಕ್ಕೆ. ಒಂದು ಲೀಟರ್ ತೆಗೆದಿಟ್ಟುಕೊಂಡರೆ ಸಾಕಾಗುತ್ತದೆ. ಎರಡನೆಯ ಕೈ ನಂತರ 220 ನಂಬರಿನ ಪಾಲಿಶ್ ಪೇಪರ್, ಕೊನೆಗೆ 320. ಬೇಸಗೆಯಲ್ಲಿ ಕೈಗಳ ನಡುವೆ ಮೂರು ಗಂಟೆ ಸಾಕು, ನಿಮ್ಮೂರಿನ ಜುಲೈಯಲ್ಲಿ ಒಂದು ದಿನ ಬಿಡಿ. ಎಣ್ಣೆಬಣ್ಣಕ್ಕೆ ಕೈಹಾಕುವ ಮುನ್ನ ಮೂರು ದಿನ.

ಸಿಪ್ಪೆ ಎದ್ದದ್ದು ಎಣ್ಣೆಬಣ್ಣದ ಮೇಲೆ ಆಕ್ರಿಲಿಕ್ ತಿದ್ದಿದ್ದರಿಂದ ಇರಬೇಕು. ಕೆಳಗೆ ಆಕ್ರಿಲಿಕ್, ಮೇಲೆ ಎಣ್ಣೆ. ಇದಕ್ಕೆ ತಿರುಗುಮುರುಗಿಲ್ಲ. ಎಣ್ಣೆ ಗಾಳಿಯ ಆಮ್ಲಜನಕ ಹೀರಿ ತಿಂಗಳುಗಟ್ಟಲೆ ಗಟ್ಟಿಯಾಗುತ್ತಿರುತ್ತದೆ, ಅದರ ಜಿಡ್ಡಿನ ಮೇಲೆ ನೀರಿನ ಬಣ್ಣಕ್ಕೆ ಹಿಡಿತ ಸಿಕ್ಕುವುದಿಲ್ಲ. ಆಕಾಶ, ನೀರು, ದೂರದ ಕಟ್ಟಡಗಳ ದೊಡ್ಡ ಬಣ್ಣವನ್ನು ಆಕ್ರಿಲಿಕ್‌ನಲ್ಲಿ ಬೇಗ ಕೂರಿಸಿ, ಮೈಗೆ ಬೆಳಕು, ಮಂಜು, ನೀರಿನಾಳ ಕೊಡುವ ತೆಳುಪದರಗಳನ್ನು ಎಣ್ಣೆಯಲ್ಲಿ ಮಾಡಿ. ಮೊದಲ ಪದರಕ್ಕೆ ಅಗಸೆ ಎಣ್ಣೆ ಒಂದು ಪಾಲು, ಟರ್ಪಂಟೈನ್ ಎರಡು. ಮೇಲೆ ಹೋದಂತೆ ಎಣ್ಣೆ ಹೆಚ್ಚಿಸಿ ಸಮಪಾಲಿಗೆ ತನ್ನಿ. ಕಿಟಕಿ ತೆರೆದಿರಲಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು, ಬಿಡಿಸಿ ಹೊರಗೆ ಒಣಹಾಕಿ.

ರಾಕ್‌ಮನ್ ಅವರ ‘ದಿ ಫಾರ್ಮ್’ ಚಿತ್ರದ, ಬೆನ್ನ ಮೇಲೆ ಮನುಷ್ಯನ ಕಿವಿ ಹೊತ್ತ ಇಲಿ ನಿಜವೇ?
— ಓದುಗರು, ಕೊಪ್ಪಳ

ಇಲಿ ನಿಜ, ಕಿವಿ ಮನುಷ್ಯನದಲ್ಲ. ಕಿವಿಯಾಕಾರದ ಅಚ್ಚಿನ ಮೇಲೆ ಹಸುವಿನ ಮೃದ್ವಸ್ಥಿ ಕೋಶ ಬೆಳೆಸಿ ಇಲಿಯ ಬೆನ್ನಿಗೆ ಕೂರಿಸಿದ ಪ್ರಯೋಗ ಅದು, 1997ರಲ್ಲಿ ಅದರ ಚಿತ್ರ ಜಗತ್ತೆಲ್ಲ ಸುತ್ತಿತು. ಅದರಲ್ಲಿ ವಂಶವಾಹಿ ತಿದ್ದುಪಡಿ ಇರಲಿಲ್ಲ. 2000ದಲ್ಲಿ ಬರೆದ 8 × 10 ಅಡಿಯ ಆ ಸೋಯಾ ಹೊಲದ ಚಿತ್ರದಲ್ಲಿ ಚೌಕದ ಹಸುವಿನಂಥವು ಊಹೆ. ಮ್ಯಾನ್‌ಹಟನ್‌ನ ಬೀದಿಯಲ್ಲಿ ಜಾಹೀರಾತು ಫಲಕವಾಗಿ ಅದನ್ನು ನಿಲ್ಲಿಸಿದ್ದರು.

ನಮ್ಮೂರ ಕೆರೆಯನ್ನು ಇದೇ ರೀತಿ ದೊಡ್ಡದಾಗಿ ಬರೆಯಬೇಕೆಂದು ಎಂಟನೇ ತರಗತಿಯ ಮಕ್ಕಳು ಹಟ ಹಿಡಿದಿದ್ದಾರೆ. ಎಲ್ಲಿಂದ ಶುರುಮಾಡಲಿ?
— ಪ್ರೌಢಶಾಲಾ ಶಿಕ್ಷಕರು, ತುಮಕೂರು

ಪಟ್ಟಿಯಿಂದ, ಪೆನ್ಸಿಲ್ಲಿನಿಂದಲ್ಲ. ಮೀನು ಹಿಡಿಯುವವರು, ದನ ಕಾಯುವವರು, ಹಿರಿಯರು, ಇವರನ್ನು ಕೇಳಿ ಮೂರು ಪಟ್ಟಿ ಮಾಡಿಸಿ: ಮೊದಲಿದ್ದು ಈಗಿಲ್ಲದ್ದು, ಆಗಲೂ ಈಗಲೂ ಇರುವುದು, ಹೊಸದಾಗಿ ಬಂದದ್ದು. ಮೂರನೆಯದರಲ್ಲಿ ಜಿಲೇಬಿ ಮೀನು, ಆಫ್ರಿಕನ್ ಕ್ಯಾಟ್‌ಫಿಶ್, ದಕ್ಷಿಣ ಅಮೆರಿಕದಿಂದ ಬಂದ ವಾಟರ್ ಹಯಸಿಂತ್ ಸೇರಿದರೆ ಆಶ್ಚರ್ಯವಿಲ್ಲ. ಒಂದು ಜೀವಕ್ಕೆ ಒಂದು ಮಗು. ಆ ಮಗು ಅದರ ಉದ್ದ, ಅದು ಇರುವ ಆಳ, ತಿನ್ನುವ ಆಹಾರ ತಿಳಿದುಕೊಂಡು ಅಂಗೈಯಗಲದ ಪ್ರತ್ಯೇಕ ಚಿತ್ರ ಬರೆಯಲಿ.

ಆಮೇಲೆ 3 × 9 ಅಡಿಯ ಹಾಳೆ. ಮೇಲಿನಿಂದ ಒಂದು ಅಡಿಗೆ ನೀರಿನ ಗೆರೆ ಎಳೆಯಿರಿ, ಗಾಜಿನ ತೊಟ್ಟಿಯನ್ನು ಅಡ್ಡದಿಂದ ನೋಡಿದಂತೆ. ಮೇಲೆ ಏರಿ, ತೂಬು, ಕೊಕ್ಕರೆ, ನೀರುಕಾಗೆ; ಕೆಳಗೆ ಮೀನು, ಬೇರು, ಹೂಳು. ಎಡತುದಿ ಕೆರೆ ಕಟ್ಟಿದ ಕಾಲ, ಬಲತುದಿ ಇವತ್ತು. ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ನೀರಿಗೆಲ್ಲ ಒಂದೇ ನೀಲಿ ಬಳಿಯುವುದು. ಕೆರೆನೀರು ಮೇಲೆ ಹಸಿರು, ಕೆಳಗೆ ಕಂದು. ತಳಕ್ಕೆ ಆ ಕೆರೆಯ ಹೂಳನ್ನೇ ಬಳಿಯಿರಿ, ಕಾರ್ಖಾನೆ ನೀರು ಸೇರುತ್ತಿಲ್ಲ ಎಂಬುದು ಖಾತ್ರಿಯಿದ್ದರೆ. ಎಲ್ಲವನ್ನೂ ಒಂದೇ ಅಳತೆಗೆ ಬರೆಯುವುದು ಇನ್ನೊಂದು ತಪ್ಪು. ಸಣ್ಣದನ್ನು ಮುಂದಕ್ಕೆ ತಂದು ದೊಡ್ಡದು ಮಾಡಬಹುದು, ಸೊಳ್ಳೆಯ ಮರಿ ಮೀನಿನಷ್ಟಾಗಬಹುದು. ರಾಕ್‌ಮನ್ ವೈರಸ್ಸಿಗೆ ಮಾಡಿದ್ದೂ ಅದನ್ನೇ.

ಪಕ್ಕದಲ್ಲಿ ಗೆರೆಚಿತ್ರದ ಕೀಲಿಯೊಂದನ್ನು ತೂಗುಹಾಕಿ: ಪ್ರತಿ ಜೀವಕ್ಕೂ ಒಂದು ನಂಬರು, ನಂಬರಿನ ಮುಂದೆ ಊರಿನವರು ಕರೆಯುವ ಹೆಸರು. ಗ್ರೇಟ್ ಲೇಕ್ಸ್ ಚಿತ್ರಗಳಿಗೂ ಇಂಥ ಕೀಲಿಗಳಿವೆ. ಹೆಸರು ಗೊತ್ತಾಗದಿದ್ದ ನಂಬರಿನ ಮುಂದೆ ಜಾಗ ಖಾಲಿ ಬಿಡಿ, ಪೆನ್ಸಿಲ್ಲು ಕಟ್ಟಿಡಿ. ನೋಡಲು ಬಂದ ಅಜ್ಜಿ-ತಾತಂದಿರು ತುಂಬುತ್ತಾರೆ.